ಹತ್ತರ ಕಟ್ಟು

ಕೈಗೆ ವಸ್ತು ಕೊಟ್ಟು ಕಲಿಸಿದರೆ ಮಗುವಿಗೆ ಲೆಕ್ಕ ತಪ್ಪುವುದಿಲ್ಲ. ಆಮೇಲೂ ತಪ್ಪಿದರೆ ದೋಷ ಮಗುವಿನದು. ಆ ಕಾಲದಲ್ಲಿ ಶಿಕ್ಷಕರೆಲ್ಲ ಇದನ್ನು ನಂಬಿದ್ದರು. ತರಬೇತಿ ಕೊಡುವವರು ನಂಬಿದ್ದರು, ಪಡೆಯುವವರೂ ನಂಬಿದ್ದರು. ನಂಬದವರಿಗೆ ತರಬೇತಿಯಲ್ಲಿ ಅಂಕ ಬರುತ್ತಿರಲಿಲ್ಲ.

ಒಬ್ಬ ಶಿಷ್ಯ ತನ್ನ ಗುರುಗಳನ್ನು ಕೇಳಿದ:

“ಗುರುಗಳೇ, ಕೈಗೆ ಕಡ್ಡಿ ಕೊಟ್ಟ ಮೇಲೂ ತಪ್ಪು ಹೇಳುವ ಮಗುವನ್ನು ಏನು ಮಾಡಬೇಕು?”

ಗುರು ಎಂದರೆ ಇಲ್ಲಿ ಗಡ್ಡ, ಆಶ್ರಮ ಯಾವುದೂ ಇಲ್ಲ. ಮೂವತ್ತು ವರ್ಷ ಹಳ್ಳಿಯ ಶಾಲೆಗಳಲ್ಲಿ ಲೆಕ್ಕ ಕಲಿಸಿ ನಿವೃತ್ತರಾದ ಒಬ್ಬರು. ಶಿಷ್ಯ ತನ್ನ ಎಂಟನೇ ವಯಸ್ಸಿನಲ್ಲಿ ಅವರ ಮುಂದೆ ಕುಳಿತು ಕೂಡುವುದು, ಕಳೆಯುವುದು ಕಲಿತವನು. ಈಗ ತರಬೇತಿಯಲ್ಲಿ ಮೊದಲ ಸ್ಥಾನ ಪಡೆದು, ಒಂದು ಪ್ರಾಥಮಿಕ ಶಾಲೆಯ ಎರಡನೇ ತರಗತಿಗೆ ಮೇಷ್ಟ್ರಾಗಿದ್ದ. ಅವನು ಬರಿಗೈಯಲ್ಲಿ ಬಂದಿರಲಿಲ್ಲ. ಒಂದು ಮರದ ಪೆಟ್ಟಿಗೆ ತಂದಿದ್ದ. ಪ್ರಶ್ನೆ ಕೇಳುವ ಮೊದಲು ಅದನ್ನು ತೆರೆದು ತೋರಿಸಿದ. ಒಳಗೆ ಹುಣಸೆ ಬೀಜ, ಗಂಟು ಹಾಕಿದ ಅಳತೆಯ ಹಗ್ಗ, ವೃತ್ತಾಕಾರವಾಗಿ ಕತ್ತರಿಸಿದ ರಟ್ಟು, ಕೆಲವು ಬಿಡಿ ಕಡ್ಡಿ, ಮತ್ತು ನೀಲಿ ಬಣ್ಣದ ಕಡ್ಡಿಗಳ ನಲವತ್ತು ಕಟ್ಟುಗಳಿದ್ದವು. ಒಂದೊಂದು ಕಟ್ಟೂ ಒಂದೇ ದಪ್ಪ, ಒಂದೇ ಹೊಳಪು. ತಾನೇ ಕಟ್ಟಿದ್ದು ಎಂದ. ಶಾಲೆಯ ಬೀರುವಿನಲ್ಲಿ ಇದಕ್ಕೆಂದೇ ಮಾಡಿದ ಒಂದು ಹಿತ್ತಾಳೆಯ ಉಂಗುರ ಸಿಕ್ಕಿತು, ಜೊತೆಗೆ ಹೇಗೆ ಕಟ್ಟಬೇಕು ಎಂದು ಬರೆದ ಹಳೆಯ ಹಾಳೆಯೂ ಸಿಕ್ಕಿತು, ಅದರಲ್ಲಿ ಇದ್ದಂತೆಯೇ ಮಾಡಿದೆ ಎಂದ. ಸುತ್ತಲಿನ ಯಾವ ಶಾಲೆಯಲ್ಲೂ ಇಷ್ಟು ಚೆಂದದ ಪೆಟ್ಟಿಗೆ ಇಲ್ಲ ಎಂದೂ ಸೇರಿಸಿದ.

ಗುರುಗಳು ಒಂದು ಕಟ್ಟನ್ನು ಕೈಗೆತ್ತಿಕೊಂಡರು. ಮತ್ತೆ ಅದನ್ನು ಪೆಟ್ಟಿಗೆಗೆ ಹಾಕಲಿಲ್ಲ.

ಶಿಷ್ಯನ ತರಗತಿಯಲ್ಲಿ ಒಂದು ಮಗುವಿತ್ತು. ಬಾಯಲ್ಲಿ ಕೇಳಿದರೆ ಸರಿಯಾಗಿ ಹೇಳುತ್ತಿತ್ತು. ನಾಲ್ಕು ಕಟ್ಟು, ಏಳು ಬಿಡಿ ಕಡ್ಡಿ ಕೈಗೆ ಕೊಟ್ಟರೆ, ನಲವತ್ತೇಳು ಎನ್ನುವ ಬದಲು ನಲವತ್ತಮೂರು ಎನ್ನುತ್ತಿತ್ತು. ಮಗುವನ್ನು ಒಂದನೇ ತರಗತಿಗೆ ಇಳಿಸಬೇಕೆಂದು ಶಿಷ್ಯ ವರದಿ ಬರೆದಿದ್ದ. ನಾಳೆ ಬೆಳಿಗ್ಗೆ ಅದನ್ನು ಮುಖ್ಯೋಪಾಧ್ಯಾಯರಿಗೆ ಕೊಡಬೇಕು. ಹಾಳೆ ಮಡಚಿ ಜೇಬಿನಲ್ಲಿತ್ತು. ಸಹಿ ಮಾತ್ರ ಬಾಕಿ. ಅವನು ಪ್ರಶ್ನೆ ಕೇಳಿದ್ದು ಉತ್ತರಕ್ಕಲ್ಲ, ಒಪ್ಪಿಗೆಗೆ.

ಗುರುಗಳು ಒಪ್ಪಿಗೆ ಕೊಡಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನ ಶಾಲೆಗೆ ಒಬ್ಬ ಮೇಷ್ಟ್ರು ಬಂದರು. ಅವರು ಬರುವ ಮುಂಚೆ ಅಲ್ಲಿ ಲೆಕ್ಕ ಎಂದರೆ ಬಾಯಿಪಾಠ. ಇಪ್ಪತ್ತರ ಮಗ್ಗಿ ತಡೆಯಿಲ್ಲದೆ ಒಪ್ಪಿಸುವ ಹುಡುಗನಿಗೆ ಅಂಗಳದಲ್ಲಿ ಎಷ್ಟು ಕೋಳಿಗಳಿವೆ ಎಂದು ಹೇಳಲು ಬರುತ್ತಿರಲಿಲ್ಲ. ಮೇಷ್ಟ್ರು ಮೊದಲ ದಿನವೇ ಬೆತ್ತವನ್ನು ಮುರಿದು ಎರಡು ತುಂಡು ಮಾಡಿ, ಅರ್ಧ ಎಂದರೆ ಇದು ಎಂದು ತೋರಿಸಿದರು. ಆ ಶಾಲೆಯಲ್ಲಿ ಬೆತ್ತದಿಂದ ಯಾರಾದರೂ ಏನಾದರೂ ಕಲಿತದ್ದು ಅದೇ ಮೊದಲು.

ಆಮೇಲೆ ಮಕ್ಕಳು ಹುಣಸೆ ಬೀಜ ಹರಡಿ ಕೂಡಿದರು, ಕಳೆದರು. ಮುತ್ತುಗದ ಎಲೆ ಮಡಚಿ ಅರ್ಧ, ಕಾಲು ಮಾಡಿದರು. ಹಗ್ಗ ಹಿಡಿದು ಜಗಲಿ ಅಳೆದರು, ಅಳತೆ ಸರಿಯಿಲ್ಲವೆಂದು ತಮ್ಮಲ್ಲೇ ಜಗಳವಾಡಿ ಮತ್ತೆ ಅಳೆದರು. ಊರಿನವರು ನಕ್ಕರು. ಬೀಜ ಆಡಿಸುವುದಕ್ಕೆ ಸರ್ಕಾರ ಸಂಬಳ ಕೊಡುತ್ತದಲ್ಲ ಎಂದು ಆಡಿಕೊಂಡರು. ಆರು ತಿಂಗಳಿಗೆ ನಗು ನಿಂತಿತು. ಮಕ್ಕಳಿಗೆ ಲೆಕ್ಕ ಬರುತ್ತಿತ್ತು. ಮೇಷ್ಟ್ರಿಗೆ ಹೆಮ್ಮೆ ಇತ್ತು, ಹೆಮ್ಮೆಗೆ ಕಾರಣವೂ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟ ಮೇಷ್ಟ್ರ ಕತೆಯಾಗಿದ್ದರೆ ನಿನಗೆ ಹೇಳುವ ಅಗತ್ಯವಿರಲಿಲ್ಲ.

ಹತ್ತರವರೆಗೆ ಬೀಜ ಸಾಕು. ಹತ್ತು ದಾಟಿದ ಮೇಲೆ ಕಷ್ಟ. ಮೂವತ್ತನಾಲ್ಕು ಎಂದು ಬರೆದರೆ ಅಲ್ಲಿರುವ ಮೂರು ಮೂರಲ್ಲ, ಮೂವತ್ತು. ಇದನ್ನು ಏಳು ವರ್ಷದ ಮಗು ಏಕೆ ನಂಬಬೇಕು? ಮೇಷ್ಟ್ರು ಯೋಚಿಸಿ ಕಡ್ಡಿಗಳ ದಾರಿ ಹಿಡಿದರು. ಹತ್ತು ಕಡ್ಡಿ ಸೇರಿಸಿ ಕಟ್ಟಿದರೆ ಒಂದು ಕಟ್ಟು. ಮೂರು ಕಟ್ಟು, ನಾಲ್ಕು ಬಿಡಿ ಕಡ್ಡಿ ಎಂದರೆ ಮೂವತ್ತನಾಲ್ಕು. ಮಗು ಕಟ್ಟನ್ನು ನೋಡಿದ ಕೂಡಲೇ, ಎಣಿಸದೆ, ಹತ್ತು ಎನ್ನಬೇಕು. ಅಂದು ಅದಕ್ಕೆ ಹತ್ತು ತಿಳಿಯಿತು ಎಂದು ಅರ್ಥ. ನಿನಗೂ ತರಬೇತಿಯಲ್ಲಿ ಇದನ್ನೇ ಹೇಳಿದ್ದಾರೆ. ತಪ್ಪು ಹೇಳಿಲ್ಲ.

ಬುಟ್ಟಿ ಹೆಣೆಯುವವನೊಬ್ಬನಿಗೆ ಹೇಳಿ ಮೇಷ್ಟ್ರು ಸಾವಿರ ಬಿದಿರು ಕಡ್ಡಿ ಮಾಡಿಸಿದರು. ಅವನು ತಗಡಿನ ತೂತಿನಲ್ಲಿ ಎಳೆದು ಎಲ್ಲವನ್ನೂ ಒಂದೇ ದಪ್ಪಕ್ಕೆ ತಂದಿದ್ದ. ಬಿಡಿಯಾಗಿ ಬಳಸಲು ಬೇರೆ ಇನ್ನೂರು ಕೊಟ್ಟ. ಮೇಷ್ಟ್ರು ಮೊದಲ ಹತ್ತನ್ನು ಎಣಿಸಿ ಕಟ್ಟಿದರು. ಉಳಿದದ್ದನ್ನೂ ಹೀಗೆಯೇ ಎಣಿಸುತ್ತ ಕೂರಬೇಕಲ್ಲ ಎಂದು ಬೇಸರವಾಯಿತು. ಆ ಕಟ್ಟನ್ನು ಕಂಚುಗಾರನ ಹತ್ತಿರ ಒಯ್ದು, ಅದು ಬಿಗಿಯಾಗಿ ಕೂರುವಂತೆ ಒಂದು ಹಿತ್ತಾಳೆಯ ಉಂಗುರ ಮಾಡಿಸಿದರು. ಉಂಗುರಕ್ಕೆ ಕಡ್ಡಿ ತುಂಬುವುದು. ಇನ್ನೊಂದು ಹಿಡಿಯದು ಎನ್ನುವಷ್ಟಾದಾಗ ಹತ್ತು. ಎರಡು ಕಡೆ ದಾರ ಬಿಗಿದು ಉಂಗುರ ಕಳಚುವುದು. ಮೇಷ್ಟ್ರಾಗಿ ಅವರು ಕಂಡುಹಿಡಿದ ಮೊದಲ ಸಾಧನ, ಎಣಿಸುವುದನ್ನು ತಪ್ಪಿಸುವ ಸಾಧನ.

ಶಿಷ್ಯ ಇಲ್ಲಿ ಕತೆಯನ್ನು ತಡೆದ. ಜೇಬಿನಿಂದ ಉಂಗುರ ತೆಗೆದು ಹಿಡಿದ. ಇದು ಅದೇ ಉಂಗುರವೇ ಎಂದು ಕೇಳಿದ. ಅದರ ಮಗ ಇರಬೇಕು ಎಂದರು ಗುರುಗಳು. ಶಿಷ್ಯನಿಗೆ ಸಂತೋಷವಾಯಿತು. ಅಂಥ ಮೇಷ್ಟ್ರ ದಾರಿಯಲ್ಲಿ ತಾನು ಗೊತ್ತಿಲ್ಲದೆಯೇ ಬಂದುಬಿಟ್ಟಿದ್ದೇನೆ ಎಂದ. ಗುರುಗಳು ಹೌದು ಎಂದು ತಲೆಯಾಡಿಸಿ ಮುಂದುವರಿಸಿದರು.

ಉಂಗುರ ಬರುವ ಹೊತ್ತಿಗೆ ಮೇಷ್ಟ್ರಿಗೆ ಕಡ್ಡಿಗಳು ಬೋಳಾಗಿ ಕಂಡವು. ಮಕ್ಕಳ ಕಣ್ಣಿಗೆ ಚೆಂದ ಕಾಣಬೇಕು, ಕೈಗೆ ಸಿಬಿರು ಚುಚ್ಚಬಾರದು. ಮೊದಲು ಕಟ್ಟಿದ ಆ ಹತ್ತನ್ನೂ ಬಿಚ್ಚಿ, ಎಲ್ಲ ಕಡ್ಡಿಗಳಿಗೂ ಕೆಂಪು ಬಣ್ಣ ಬಳಿದರು. ಒಂದು ಸಲ ಬಳಿದರೆ ಬಿದಿರು ಕುಡಿದುಬಿಟ್ಟಿತು. ಎರಡನೇ ಸಲ ಬಳಿದರು. ಮೂರನೇ ಸಲ ಬಳಿದಾಗ ಬಣ್ಣ ದಪ್ಪಗೆ ಕೂತು ಹೊಳೆಯಿತು. ಒಣಗಿದ ಮೇಲೆ ಉಂಗುರ ಹಿಡಿದು ಕೂತು ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಕಟ್ಟಿ ಮುಗಿಸಿದರು.

ಸಾವಿರ ಕಡ್ಡಿಗೆ ನೂರು ಕಟ್ಟಾಗಬೇಕು. ನೂರಹನ್ನೊಂದಾಯಿತು. ಮೇಲೆ ಒಂದು ಕಡ್ಡಿ ಉಳಿಯಿತು. ಬುಟ್ಟಿಯವನು ಧಾರಾಳವಾಗಿ ಕೊಟ್ಟಿದ್ದಾನೆ ಎಂದು ಮೇಷ್ಟ್ರು ಅವನ ಮನೆಗೇ ಹೋಗಿ ಹೊಗಳಿದರು. ಅವನು ಕೈ ಮುಗಿದು, ನಾನು ಎಣಿಸಿ ಸಾವಿರವೇ ಕೊಟ್ಟದ್ದು ಸ್ವಾಮಿ ಎಂದ. ಎಂಥ ವಿನಯ ಎಂದುಕೊಂಡು ಮೇಷ್ಟ್ರು ಹಿಂದಿರುಗಿದರು.

ಆ ತರಗತಿಯಲ್ಲಿ ಕೆಂಚಿ ಎಂಬ ಹುಡುಗಿ ಇದ್ದಳು. ಅವಳ ತಾಯಿ ಪೊರಕೆ ಕಟ್ಟುವವಳು. ತೆಂಗಿನ ಕಡ್ಡಿ ತಂದು, ಆರಿಸಿ, ತುದಿ ಸಮ ಮಾಡಿ, ಬಿಗಿದು ಊರೂರಿಗೆ ಕೊಡುತ್ತಿದ್ದಳು. ಕೆಂಚಿ ಬೀಜದ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದು. ಎಲೆ ಮಡಚುವುದರಲ್ಲಿ ಅವಳ ಗೆರೆ ಕೂದಲಷ್ಟೂ ಆಚೀಚೆ ಆಗುತ್ತಿರಲಿಲ್ಲ. ಮೇಷ್ಟ್ರು ಅವಳನ್ನು ಎದ್ದು ನಿಲ್ಲಿಸಿ, ನೋಡಿ, ಕೈ ಅಂದರೆ ಇದು ಎಂದು ಬೇರೆ ಮಕ್ಕಳಿಗೆ ತೋರಿಸುತ್ತಿದ್ದರು.

ಕಟ್ಟುಗಳು ಬಂದವು. ಅಂದಿನಿಂದ ಕೆಂಚಿಗೆ ಲೆಕ್ಕ ತಪ್ಪತೊಡಗಿತು.

ಎರಡು ಕಟ್ಟು, ಆರು ಬಿಡಿ ಕೊಟ್ಟರೆ ಇಪ್ಪತ್ತನಾಲ್ಕು ಎಂದಳು. ಮೂರು ಕಟ್ಟು, ನಾಲ್ಕು ಬಿಡಿಗೆ ಮೂವತ್ತೊಂದು. ಐದು ಕಟ್ಟು, ಎರಡು ಬಿಡಿಗೆ ನಲವತ್ತೇಳು. ಉಳಿದ ಮೂವತ್ತೆಂಟು ಮಕ್ಕಳೂ ಸರಿಯಾಗಿ ಹೇಳುತ್ತಿದ್ದರು. ಇವಳದು ಯಾವಾಗಲೂ ಕಡಿಮೆ. ಹಿಂದಿನ ಸಾಲಿನ ಹುಡುಗರು ಅವಳಿಗೆ ಕಡಿಮೆ ಕೆಂಚಿ ಎಂದು ಹೆಸರಿಟ್ಟರು. ಊಟದ ಹೊತ್ತಿಗೆ, ಕಡಿಮೆ ಕೆಂಚಿ, ನಿನಗೆ ಎಷ್ಟು ರೊಟ್ಟಿ, ಎರಡಾ, ಹಾಗಾದ್ರೆ ಒಂದೇ ಅನ್ನು ಎಂದು ಕಾಡುತ್ತಿದ್ದರು. ಅವಳು ಇರುವ ಎರಡನ್ನೂ ತಿಂದು ಕೈ ತೊಳೆಯುತ್ತಿದ್ದಳು.

ಮೇಷ್ಟ್ರು ಒಂದು ದಿನ ಅವಳನ್ನು ಹತ್ತಿರ ಕರೆದರು. ಕಡ್ಡಿ ತೋರಿಸದೆ, ಬಾಯಲ್ಲಿ ಕೇಳಿದರು. ಒಂದು ಕಟ್ಟು ಎಂದರೆ? ಹತ್ತು. ಎರಡು ಕಟ್ಟು? ಇಪ್ಪತ್ತು. ಮೂರು ಕಟ್ಟು? ಮೂವತ್ತು. ಎಲ್ಲ ಸರಿ. ಆಮೇಲೆ ಎರಡು ಕಟ್ಟನ್ನು ಅವಳ ಕೈಗೆ ಕೊಟ್ಟು ಎಷ್ಟು ಎಂದರು. ಅವಳು ಕಟ್ಟುಗಳ ತುದಿಯ ಮೇಲೆ ಹೆಬ್ಬೆರಳು ಆಡಿಸಿದಳು.

“ಹದಿನೆಂಟು.”

“ಈಗ ತಾನೇ ಇಪ್ಪತ್ತು ಅಂದೆಯಲ್ಲೇ.”

“ಆಗ ಕೇಳಿದ್ರಿ, ಹೇಳ್ದೆ. ಈಗ ಕೊಟ್ರಿ, ಎಣಿಸ್ದೆ ಸಾ.”

ಕಟ್ಟನ್ನು ಎಣಿಸಬಾರದು ಎಂದು ಮೇಷ್ಟ್ರು ತಾಳ್ಮೆಯಿಂದ ವಿವರಿಸಿದರು. ಕಟ್ಟು ಎಂದರೆ ಹತ್ತು. ಮತ್ತೆ ಮತ್ತೆ ಎಣಿಸುವುದು ಒಂದನೇ ತರಗತಿಯವರ ಅಭ್ಯಾಸ. ಅವಳು ಹೂಂ ಎಂದಳು. ಮರುದಿನ ಮತ್ತೆ ಎಣಿಸಿದಳು. ಅವಳ ಹೆಬ್ಬೆರಳು ಅವಳ ಮಾತನ್ನೇ ಕೇಳುತ್ತಿರಲಿಲ್ಲ.

ಮೇಷ್ಟ್ರು ಕೈಬಿಡಲಿಲ್ಲ. ಒಂದು ತಿಂಗಳು ಶಾಲೆ ಬಿಟ್ಟ ಮೇಲೆ ಅವಳನ್ನು ಕೂರಿಸಿಕೊಂಡು ಕಲಿಸಿದರು. ಕಡಿಮೆ ಅಭ್ಯಾಸದಿಂದ ಹೀಗಾಗುತ್ತಿದೆ ಎಂದು ಹೆಚ್ಚು ಕಟ್ಟು ಕೊಟ್ಟರು. ಹೆಚ್ಚು ಕೊಟ್ಟಷ್ಟೂ ತಪ್ಪು ಹೆಚ್ಚಾಯಿತು. ಒಂಬತ್ತು ಕಟ್ಟು, ಒಂಬತ್ತು ಬಿಡಿ ಕೊಟ್ಟ ದಿನ ಅವಳು ತೊಂಬತ್ತೊಂಬತ್ತರ ಜಾಗದಲ್ಲಿ ತೊಂಬತ್ತು ಎಂದಳು. ಮೇಷ್ಟ್ರು ಅದೆಲ್ಲವನ್ನೂ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಟ್ಟರು. ಎಷ್ಟು ಕಟ್ಟು, ಎಷ್ಟು ಬಿಡಿ, ಸರಿಯುತ್ತರ ಏನು, ಅವಳು ಹೇಳಿದ್ದು ಏನು, ಎಲ್ಲವೂ ಅಲ್ಲಿತ್ತು. ಕೊನೆಯಲ್ಲಿ ತೀರ್ಮಾನ ಬರೆದರು: ಬಿಡಿ ಬರುತ್ತದೆ, ಬಾಯಿಲೆಕ್ಕ ಬರುತ್ತದೆ, ವಸ್ತು ಕೈಗೆ ಬಂದರೆ ಗಲಿಬಿಲಿಯಾಗುತ್ತದೆ.

ಶಿಷ್ಯ ಮೆಲ್ಲಗೆ ನಕ್ಕ. ತನ್ನ ವರದಿಯಲ್ಲಿ ಹೆಚ್ಚುಕಡಿಮೆ ಇವೇ ಮಾತುಗಳಿವೆ ಎಂದ. ಗುರುಗಳು ಕತೆ ಮುಂದುವರಿಸಿದರು.

ಅಷ್ಟರಲ್ಲಿ ಶಾಲೆಯ ಹೆಸರು ತಾಲ್ಲೂಕಿಗೆ ತಲುಪಿತ್ತು. ಒಬ್ಬ ಸಾಹೇಬರು ನೋಡಲು ಬರುವವರಿದ್ದರು. ಆ ದಿನ ಕೆಂಚಿಯನ್ನು ಮನೆಯಲ್ಲೇ ಇರಿಸಬಹುದು ಎಂದು ಯಾರೋ ಸಲಹೆ ಕೊಟ್ಟರು. ಮೇಷ್ಟ್ರು ಒಪ್ಪಲಿಲ್ಲ. ಅವರು ಪ್ರಾಮಾಣಿಕರು. ಹಿಂದಿನ ದಿನ ಅವಳಿಗೆ ಇಷ್ಟು ಮಾತ್ರ ಹೇಳಿದರು: ನಾಳೆ ಒಂದು ದಿನ ಕಟ್ಟನ್ನು ಎಣಿಸಬೇಡ, ಎಲ್ಲರ ಹಾಗೆ ಹತ್ತು ಅಂದುಕೋ, ನಾಳೆಯೂ ತಪ್ಪಿದರೆ ನೀನು ಒಂದನೇ ತರಗತಿಗೆ ಹೋಗಬೇಕಾಗುತ್ತದೆ. ಅವಳು ತಲೆಯಾಡಿಸಿದಳು.

ಸಾಹೇಬರು ಬಂದರು. ಕಳೆಯುವ ಲೆಕ್ಕ ಕೊಡಲು ಹೇಳಿದರು. ನಾಲ್ಕು ಕಟ್ಟು, ಎರಡು ಬಿಡಿ ಇವೆ. ಏಳು ಕಡ್ಡಿ ಕಳೆಯಬೇಕು. ಎರಡು ಬಿಡಿಯಲ್ಲಿ ಏಳು ಹೋಗದು. ಹಾಗಾದಾಗ ಕಟ್ಟನ್ನು ಬಿಚ್ಚಬೇಕು. ಆದರೆ ಕಟ್ಟಿದ್ದು ಕೆಡಬಾರದೆಂದು ಮೇಷ್ಟ್ರು ಒಂದು ಉಪಾಯ ಮಾಡಿದ್ದರು. ಮಗು ಒಂದು ಕಟ್ಟನ್ನು ಪೆಟ್ಟಿಗೆಗೆ ಹಿಂದಿರುಗಿಸಿ, ಅದರ ಬದಲಿಗೆ ಹತ್ತು ಬಿಡಿ ಕಡ್ಡಿ ತೆಗೆದುಕೊಳ್ಳಬೇಕು. ಅದರಿಂದಾಗಿ ಆ ಶಾಲೆಯಲ್ಲಿ ಒಂದು ಕಟ್ಟೂ ಎಂದೂ ಬಿಚ್ಚಿರಲಿಲ್ಲ. ಸಾಹೇಬರಿಗೆ ಈ ಅಚ್ಚುಕಟ್ಟು ತುಂಬ ಹಿಡಿಸಿತು.

ಮಕ್ಕಳು ಒಬ್ಬೊಬ್ಬರಾಗಿ ಬಂದರು. ಕಟ್ಟು ಕೊಟ್ಟರು, ಹತ್ತು ಪಡೆದರು, ಏಳು ಕಳೆದರು, ಮೂವತ್ತೈದು ಎಂದರು. ಕೆಂಚಿ ಬಂದಳು. ಕಟ್ಟು ಕೊಟ್ಟಳು. ಮೇಷ್ಟ್ರು ಹತ್ತು ಬಿಡಿ ಕಡ್ಡಿಗಳನ್ನು ಅವಳ ಅಂಗೈಗೆ ಹಾಕಿದರು. ಅವಳು ಅಲ್ಲೇ ನಿಂತು ಅವನ್ನು ಎಣಿಸಿದಳು. ಮೇಷ್ಟ್ರ ಮುಖ ನೋಡಿದಳು. ಆಮೇಲೆ ಒಂದು ಕಡ್ಡಿಯನ್ನು ತೆಗೆದು ಮತ್ತೆ ಪೆಟ್ಟಿಗೆಗೆ ಹಾಕಿದಳು.

ಅದೇಕೆ ಎಂದು ಸಾಹೇಬರು ಕೇಳಿದರು. ನಾನು ಕೊಟ್ಟದ್ದಕ್ಕಿಂತ ಒಂದು ಹೆಚ್ಚಿಗೆ ಬಂದಿತ್ತು ಎಂದಳು. ಲೆಕ್ಕ ಮುಗಿಸಿ ಮೂವತ್ತೊಂದು ಎಂದಳು.

ಮಕ್ಕಳು ನಕ್ಕರು. ಸಾಹೇಬರು ಅವಳ ತಲೆ ಸವರಿ, ತರಗತಿಗೊಬ್ಬರು ಹೀಗೆ ಇರುತ್ತಾರೆ, ನೀವು ಬೇಸರ ಮಾಡಿಕೊಳ್ಳಬೇಡಿ ಎಂದು ಮೇಷ್ಟ್ರನ್ನು ಸಮಾಧಾನಪಡಿಸಿದರು. ಆಮೇಲೆ ಒಂದು ಕಟ್ಟನ್ನು ಎತ್ತಿ ಹಿಡಿದು ಅರ್ಧ ಗಂಟೆ ಮಾತನಾಡಿದರು. ಮಕ್ಕಳ ಕೈಗೆ ಸತ್ಯವನ್ನೇ ಕೊಟ್ಟಿದ್ದೀರಿ ಎಂದರು. ಇಂಥ ಉಂಗುರ ಪ್ರತಿ ಶಾಲೆಯಲ್ಲೂ ಇರಬೇಕು ಎಂದರು. ಊರಿನವರು ಚಪ್ಪಾಳೆ ತಟ್ಟಿದರು. ತಮ್ಮ ಊರಿನಿಂದ ಬೇರೆ ಊರುಗಳಿಗೆ ಬುದ್ಧಿ ಹೋಗುವುದು ಅವರಿಗೆ ಹೊಸದು. ಒಂದು ವಾರ ಯಾರೂ ತಲೆ ತಗ್ಗಿಸಿ ನಡೆಯಲಿಲ್ಲ.

ಮರುದಿನ ಮೇಷ್ಟ್ರು ಕೆಂಚಿಯ ತಾಯಿಯನ್ನು ಕರೆಸಿದರು. ಅವಳು ಕೆಲಸದಿಂದ ಹಾಗೇ ಎದ್ದು ಬಂದಿದ್ದಳು. ಸೆರಗಿನಲ್ಲಿ ತೆಂಗಿನ ಕಡ್ಡಿಯ ಸಿಪ್ಪೆ ಅಂಟಿತ್ತು. ಬಾಗಿಲ ಹೊರಗೆ ನಿಂತಳು. ಮಗಳನ್ನು ಸೋಮವಾರದಿಂದ ಒಂದನೇ ತರಗತಿಯಲ್ಲಿ ಕೂರಿಸುವುದಾಗಿ ಮೇಷ್ಟ್ರು ತಿಳಿಸಿದರು. ಹುಡುಗಿ ಒಳ್ಳೆಯವಳು, ಆದರೆ ಲೆಕ್ಕ ಅವಳಿಗೆ ಒಗ್ಗುವುದಿಲ್ಲ, ಕೈಗೆ ಕಡ್ಡಿ ಕೊಟ್ಟರೂ ತಪ್ಪುತ್ತಾಳೆ ಎಂದರು.

ತಾಯಿ ಬೇಡಿಕೊಳ್ಳುತ್ತಾಳೆ ಎಂದು ಅವರು ಎಣಿಸಿದ್ದರು. ಅವಳು ಬೇಡಲಿಲ್ಲ.

“ಕಡ್ಡಿ ಎಣಿಸೋದ್ರಲ್ಲಿ ನನ್ನ ಮಗಳು ತಪ್ಪಿದ್ಲಾ ಮೇಷ್ಟ್ರೇ?”

“ದಿನಾ ತಪ್ತಾಳಮ್ಮ.”

“ಹೆಚ್ಗೆ ಹೇಳ್ತಾಳೋ, ಕಡಿಮೆ ಹೇಳ್ತಾಳೋ?”

“ಕಡಿಮೆ. ಒಂದು ದಿನಾನೂ ಹೆಚ್ಗೆ ಹೇಳಿದ್ದಿಲ್ಲ.”

ಅವಳು ತಮ್ಮ ಮನೆಗೆ ಬರುವ ಕಡ್ಡಿಯ ಬಗ್ಗೆ ಹೇಳಿದಳು. ಕಡ್ಡಿ ತರುವವನು ನೂರರ ಕಂತೆ ಎಂದು ಕೊಡುತ್ತಾನೆ. ಎಲ್ಲರೂ ಅದನ್ನು ನೂರು ಎಂದೇ ಕರೆಯುತ್ತಾರೆ. ಎಣಿಸಿದರೆ ತೊಂಬತ್ತಾರೋ ತೊಂಬತ್ತೇಳೋ ಇರುತ್ತದೆ. ನೂರು ಎನ್ನುವುದು ಕಂತೆಯ ಹೆಸರು. ಒಳಗೆ ಎಷ್ಟಿದೆ ಎನ್ನುವುದು ಬೇರೆ ವಿಷಯ. ಎಣಿಸದೆ ಕಟ್ಟಿದರೆ ಪೊರಕೆ ಸೊರಗುತ್ತದೆ, ಸೊರಗಿದ ಪೊರಕೆ ಅವಳ ಮನೆಯಿಂದ ಹೊರಗೆ ಹೋಗುವುದಿಲ್ಲ. ಎರಡು ವರ್ಷದಿಂದ ಎಣಿಸುತ್ತಿರುವವಳು ಕೆಂಚಿ. ಕೊನೆಗೆ ಹೇಳಿದಳು:

“ತಪ್ಪೋರು ಒಂದ್ಸಲ ಹೆಚ್ಗೆ ಅಂತಾರೆ, ಒಂದ್ಸಲ ಕಡಿಮೆ ಅಂತಾರೆ. ನನ್ನ ಮಗಳು ಯಾವಾಗ್ಲೂ ಕಡಿಮೆ ಅಂದ್ರೆ, ಆ ಕಟ್ಟು ಒಂದ್ಸಲ ನನ್ನ ಕೈಗೆ ಕೊಡಿ.”

ಮೇಷ್ಟ್ರು ಪೆಟ್ಟಿಗೆಯ ಮುಚ್ಚಳದ ಮೇಲೆ ಕೈ ಇಟ್ಟರು. ಇವು ಮಕ್ಕಳಿಗೆ ಮಾಡಿದ್ದು, ಬಣ್ಣ ಕೆಡುತ್ತದೆ ಎಂದರು. ಇಡೀ ತಾಲ್ಲೂಕು ಮೆಚ್ಚಿದ ಕಟ್ಟನ್ನು ಪೊರಕೆಯ ಕಟ್ಟಿಗೆ ಹೋಲಿಸಬಾರದು ಎಂದರು. ಹತ್ತನ್ನು ಎಣಿಸಿ ನೋಡಲು ತಾವೇನೂ ಒಂದನೇ ತರಗತಿಯಲ್ಲಿ ಓದುತ್ತಿಲ್ಲ ಎಂದರು. ಕೈಗೆ ಕೊಟ್ಟು ಕಲಿಸಬೇಕು ಎಂದು ಇಪ್ಪತ್ತು ಸಭೆಗಳಲ್ಲಿ ಹೇಳಿದವರು, ಅವಳ ಕೈಗೆ ಮಾತ್ರ ಕೊಡಲಿಲ್ಲ.

ಅವಳು ಮಗಳ ಕೈ ಹಿಡಿದು ಬೀದಿಯ ನಡುವೆ ನಡೆದುಕೊಂಡು ಹೋದಳು. ಸಾಹೇಬರು ಬಂದಾಗ ಊರಿನವರು ನಡೆದಂತೆಯೇ ತಲೆಯೆತ್ತಿ ನಡೆದಳು ಎಂದು ನೋಡಿದವರು ಹೇಳಿದರು. ಮಗಳು ಶಾಲೆಯಲ್ಲಿ ಕೆಳಕ್ಕೆ ಇಳಿದ ದಿನ ಅಷ್ಟೊಂದು ಜಂಬ ಏಕೆ ಎಂದು ಯಾರಿಗೂ ತಿಳಿಯಲಿಲ್ಲ.

ಕೆಂಚಿ ಒಂದನೇ ತರಗತಿಗೆ ಹೋದಳು. ಅಲ್ಲಿ ಕಟ್ಟುಗಳಿರಲಿಲ್ಲ, ಹುಣಸೆ ಬೀಜ ಮಾತ್ರ. ಉಳಿದ ವರ್ಷವಿಡೀ ಅವಳು ಒಂದು ತಪ್ಪೂ ಮಾಡಲಿಲ್ಲ. ತಾವು ಮಾಡಿದ್ದು ಸರಿ ಎನ್ನುವುದಕ್ಕೆ ಮೇಷ್ಟ್ರು ಅದನ್ನೇ ಸಾಕ್ಷಿಯಾಗಿ ತೋರಿಸಿದರು. ಮುಂದಿನ ವರ್ಷ ಅವಳನ್ನು ಸಂತೋಷದಿಂದ ಎರಡನೇ ತರಗತಿಗೆ ಕರೆದುಕೊಂಡರು. ಮೊದಲ ದಿನ ಮೂರು ಕಟ್ಟು, ನಾಲ್ಕು ಬಿಡಿ ಕೊಟ್ಟರು. ಅವಳು ಹೆಬ್ಬೆರಳು ಆಡಿಸಿ ಮೂವತ್ತೊಂದು ಎಂದಳು. ಎರಡನೇ ದಿನದಿಂದ ತಾಯಿ ಅವಳನ್ನು ಶಾಲೆಗೆ ಕಳಿಸಲಿಲ್ಲ.

ಕೆಂಚಿ ಬೆಳೆದಳು. ಕಡ್ಡಿ ತರುವವನು ಅವಳ ಮನೆಗೆ ಕೊಡುವ ಕಂತೆಯನ್ನು ಬೇರೆಯೇ ಇಡುತ್ತಿದ್ದ; ಅದರಲ್ಲಿ ನೂರಿರುತ್ತಿತ್ತು. ಆ ಊರಿನ ಸುತ್ತ ಅವಳ ಪೊರಕೆಯನ್ನು ಹೆಸರು ಹೇಳಿ ಕೇಳುತ್ತಿದ್ದರು. ಓದು ಮಾತ್ರ ಎರಡನೇ ತರಗತಿ, ಅದೂ ಮುಗಿದಿರಲಿಲ್ಲ. ಮೇಷ್ಟ್ರಿಗೆ ಶಾಲು ಬಂತು, ಪದಕ ಬಂತು. ಉಂಗುರ ಬೇರೆ ಶಾಲೆಗಳಿಗೆ ಹೋಯಿತು. ಹೇಗೆ ಕಟ್ಟಬೇಕು ಎಂಬ ಹಾಳೆಯನ್ನು ಮೇಷ್ಟ್ರೇ ಬರೆದುಕೊಟ್ಟರು. ಕಡ್ಡಿ ಎಷ್ಟು ದಪ್ಪ ಇರಬೇಕು, ದಾರ ಎಲ್ಲಿ ಬಿಗಿಯಬೇಕು ಎಲ್ಲ ಇತ್ತು. ಮೊದಲು ಮೂರು ಸಲ ಬಣ್ಣ ಬಳಿಯಿರಿ, ಆಮೇಲೆ ಉಂಗುರಕ್ಕೆ ತುಂಬಿರಿ, ಎಣಿಸುವ ಅಗತ್ಯವಿಲ್ಲ ಎಂದೂ ಇತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ, ಕತೆ ಮುಗಿಯಿತೆಂದು ಖಚಿತವಾದ ಮೇಲೆ ತನ್ನ ಅಭಿಪ್ರಾಯ ಹೇಳಿದ. ಮೇಷ್ಟ್ರು ಆ ತಾಯಿಯೊಡನೆ ಇನ್ನಷ್ಟು ಮೃದುವಾಗಿ ಮಾತನಾಡಬಹುದಿತ್ತು, ಅದು ನಿಜ. ಹುಡುಗಿಯ ಪ್ರಾಮಾಣಿಕತೆಯೂ ದೊಡ್ಡದೇ. ಆದರೆ ತರಗತಿಯ ದೃಷ್ಟಿಯಿಂದ ನೋಡಿದರೆ ಮೇಷ್ಟ್ರ ತೀರ್ಮಾನದಲ್ಲಿ ತಪ್ಪಿಲ್ಲ. ಮೂವತ್ತೆಂಟು ಮಕ್ಕಳಿಗೆ ತಿಳಿದದ್ದು ಒಬ್ಬಳಿಗೆ ತಿಳಿಯದಿದ್ದರೆ ಅವಳನ್ನು ಕೆಳಗೆ ಕೂರಿಸುವುದೇ ಅವಳಿಗೂ ಒಳ್ಳೆಯದು. ಮಗು ಇನ್ನೂ ಕಟ್ಟನ್ನು ಎಣಿಸುತ್ತಿದೆ ಎಂದರೆ ಅದಕ್ಕೆ ಹತ್ತು ತಿಳಿದಿಲ್ಲ ಎಂದೇ ಅರ್ಥ. ಹೀಗೆ ಹೇಳುತ್ತ ಅವನು ಜೇಬಿನಿಂದ ವರದಿಯನ್ನು ತೆಗೆದು ಮೊಣಕಾಲಿನ ಮೇಲೆ ಬಿಡಿಸಿದ. ಪೆನ್ನಿನ ಮುಚ್ಚಳ ತೆಗೆದ.

ಗುರುಗಳು ಇಷ್ಟು ಹೊತ್ತೂ ಕೈಯಲ್ಲಿ ಹಿಡಿದಿದ್ದ ನೀಲಿ ಕಟ್ಟನ್ನು, ತುದಿ ಅವನ ಕಡೆಗಿರುವಂತೆ ಆ ಹಾಳೆಯ ಮೇಲಿಟ್ಟರು.

“ನಿನ್ನ ಈ ಕಟ್ಟಿನಲ್ಲಿ ಒಂಬತ್ತು ಕಡ್ಡಿಗಳಿವೆ.”